ಹಾಲ್ವಿಯೋ ಹಾಲಹರವಿಯೋ

ಆದೋನಿಯ ಹಳೇ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಶ್ರೀರಾಮುಲು ಅವರದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಅದರ ಮೂಲೆಯ ಕಂಪ್ಯೂಟರಿನ ಮುಂದೆ ಹದಿನಾಲ್ಕು ವರ್ಷದಿಂದ ಕೂತು ಅಕ್ಷರ ಕೂಡಿಸುತ್ತಾ ಬಂದವಳು ಉರುಕುಂದಮ್ಮ. ಅವಳು ಕೂಡಿಸಿದ ಲಗ್ನಪತ್ರಿಕೆ, ಕಾರ್ಡುಗಳಲ್ಲಿ ತಪ್ಪು ಹುಡುಕಿ ಕೊಟ್ಟವರಿಗೆ ಪ್ರೆಸ್ಸಿನ ಲೆಕ್ಕದಲ್ಲಿ ಒಂದು ಟೀ ಎಂದು ಶ್ರೀರಾಮುಲು ಬಂದ ಗಿರಾಕಿಗಳ ಎದುರು ಪಂಥ ಕಟ್ಟುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಹಾಗೆ ಗೆದ್ದು ಟೀ ಕುಡಿದವರು ಇಬ್ಬರೇ.

ಉರುಕುಂದಮ್ಮ ಕೌತಾಳಂನವಳು. ಅಪ್ಪ ಭೀಮಲಿಂಗಪ್ಪನಿಗೆ ಎಂಬತ್ತು ಕುರಿ ಇದ್ದವು. ಶಾಲೆಗೆ ರಜೆ ಬಂದರೆ ಹಿಂಡಿನ ಹಿಂದೆ ಹೋಗುವುದು ಅವಳ ಪಾಲಿನ ಕೆಲಸ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದಳು, ಆಮೇಲೆ ಆದೋನಿಯಲ್ಲಿ ಇಂಟರ್, ಅಂದರೆ ಪಿಯುಸಿ, ಓದುವಾಗ ಎಲ್ಲವೂ ತೆಲುಗು. ಹೀಗಾಗಿ ಎರಡು ಲಿಪಿಯೂ ಅವಳಿಗೆ ಎಡಗೈ ಬಲಗೈ ಇದ್ದಂತೆ; ಯಾವ ಕೈಯಲ್ಲಿ ಎತ್ತಿಕೊಂಡೆ ಎಂದು ನೋಡಿಕೊಳ್ಳಬೇಕಾಗಿರಲಿಲ್ಲ. ಮದುವೆಯಾದದ್ದು ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿರುವ ಗಾದಿಲಿಂಗನನ್ನು. ಕೌತಾಳಂ ಬಿಟ್ಟು ಬರುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಅವನೂ, "ಮಿಲ್ಲಿಗಿ ಹೋಗಾಕ ಬಸ್ಸು ಎಲ್ಲಿಂದಾದ್ರೂ ಬಸ್ಸೇ" ಎಂದು ಬಂದು ನೆಲೆಸಿಬಿಟ್ಟ.

ಪ್ರೆಸ್ಸಿಗೆ ಸೇರಿದ ಮೊದಲ ತಿಂಗಳು ಅವಳು ಒಂದು ಪತ್ರಿಕೆ ಕೆಡಿಸಿದ್ದಳು. ಐನೂರು ಪ್ರತಿ ಅಚ್ಚಾಗಿ ಬಂದಾಗ ಎಲ್ಲದರಲ್ಲೂ ಮೇಲಿನ ಸಾಲು, ಅಂದರೆ ದೇವರ ಹೆಸರು, ಅರ್ಧ ಮಾಯವಾಗಿತ್ತು. ಅಳುವ ಹಾಗಾಗಿದ್ದ ಹುಡುಗಿಯನ್ನು ಆಫ್‌ಸೆಟ್ ಮಷೀನು ನಡೆಸುವ ಆಂಜಿ ಕರೆದು, ಕಾಗದವನ್ನು ಒಳಗೆ ಎಳೆದುಕೊಳ್ಳುವ ಉಕ್ಕಿನ ಹಲ್ಲುಗಳನ್ನು ತೋರಿಸಿದ.

"ನೋಡು ತಂಗಿ, ಮಷೀನು ಕಾಗದದ ತಲಿ ಹಿಡಕಂತೈತಿ. ಹಿಡಕಂಡ ಜಾಗದಾಗ ಮಸಿ ಬೀಳಂಗಿಲ್ಲ. ಅಷ್ಟು ಜಾಗ ಅದಕ್ಕ ಬಿಟ್ಟು ನೀನು ಅಕ್ಷರ ಇಡಬೇಕು."

"ಎಷ್ಟು ಬಿಡಬೇಕಣ್ಣಾ?"

"ಅದನ್ನ ನನ್ನ ಕೇಳಬ್ಯಾಡ. ಈ ಮಷೀನಿಗಿ ಒಂದು ಅಳತಿ, ಆ ಮಷೀನಿಗಿ ಒಂದು ಅಳತಿ. ಮಷೀನನ್ನ ಕೇಳು."

ಅವಳು ಕೇಳಿದಳು. ಎರಡೂ ಮಷೀನಿಗೆ ಖಾಲಿ ಕಾಗದ ಹಾಕಿಸಿ, ಹಲ್ಲಿನ ಗುರುತು ಬಿದ್ದಲ್ಲಿಗೆ ಸ್ಕೇಲು ಹಿಡಿದು ಅಳೆದು, ಅಳತೆ ಬರೆದ ಚೀಟಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಅಂಟಿಸಿದಳು. ಆಮೇಲೆ ಯಾವ ದೇವರ ಹೆಸರೂ ಕೆಡಲಿಲ್ಲ.

ಕೆಲವು ವರ್ಷಗಳಿಂದ ಮದುವೆಯ ಕರೆಯೇ ಫೋನಿನಲ್ಲಿ ಹೋಗತೊಡಗಿತು. ಐನೂರು ಪ್ರತಿ ಹೊಡೆಸುತ್ತಿದ್ದವರು ದೇವರ ಮುಂದಿಡಲು ಐವತ್ತು ಸಾಕು ಎಂದರು. ಎರಡನೆಯ ಮಷೀನಿನ ಮೇಲೆ ಬಟ್ಟೆ ಹೊದಿಸಿಟ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ಉರುಕುಂದಮ್ಮನಿಗೆ ಕೈತುಂಬ ಬಿಡುವು. "ಖಾಲಿ ಕೂಡೋಕಿಂತ ಏನಾರ ನೇರ್ಚುಕೋಮ್ಮಾ" ಎಂದರು ಶ್ರೀರಾಮುಲು. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು; ನೇರ್ಚುಕೋ ಎಂದರೆ ಕಲಿತುಕೋ. ಅವಳು ತೆಲುಗಿನ ವಿಡಿಯೋಗಳನ್ನು ನೋಡಿ, ನಿಲ್ಲಿಸಿ, ಬರೆದುಕೊಂಡು, ಮತ್ತೆ ನೋಡಿ, ಫೋನಿನ ಆ್ಯಪ್ ಮಾಡುವುದನ್ನು ಒಂದು ವರ್ಷದಲ್ಲಿ ಕಲಿತಳು. ಇದು ಬೇರೆ ವಿದ್ಯೆ ಅಂತ ಅವಳಿಗೆ ಅನಿಸಲೇ ಇಲ್ಲ. ಇಲ್ಲೂ ಒಂದು ಚೌಕ, ಅದರೊಳಗೆ ಅಕ್ಷರ, ಓದುವವನ ಕಣ್ಣು ಮೊದಲು ಎಲ್ಲಿ ಬೀಳುತ್ತದೆ ಎಂಬ ಲೆಕ್ಕ. ಕಾಗದದ ಬದಲು ಗಾಜು, ಅಷ್ಟೇ.

ಆಗ ಬಂದವನು ಯರ್ರೆಪ್ಪ. ಕುರಿಗಾರರ ಸಂಘದ ಕಾರ್ಯದರ್ಶಿ. ಮಳೆಗಾಲಕ್ಕೆ ಮುಂಚೆ ಡಾಕ್ಟರನ್ನು ಕರೆಸಿ ಊರೂರಲ್ಲಿ ಕುರಿಗಳಿಗೆ ಸೂಜಿ ಹಾಕಿಸುವುದು ಸಂಘದ ದೊಡ್ಡ ಕೆಲಸ. ನೀಲಿ ನಾಲಗೆ ರೋಗ ಬಂದರೆ ಹಿಂಡಿಗೆ ಹಿಂಡೇ ಕುಂಟುತ್ತದೆ. ಯಾವ ದಿನ ಯಾವ ಊರು ಎಂದು ಪ್ರತಿವರ್ಷ ಕರಪತ್ರ ಹೊಡೆಸುತ್ತಿದ್ದ. ಹೊಡೆಸಿ ಹಂಚುವುದರೊಳಗೆ ತಾರೀಖು ಬದಲಾಗಿರುತ್ತಿತ್ತು.

"ಈ ಸಲ ಕಾಗದ ಬ್ಯಾಡಣ್ಣಾ" ಎಂದಳು ಉರುಕುಂದಮ್ಮ. "ಫೋನಿನ್ಯಾಗ ಮಾಡಿಕೊಡ್ತೀನಿ. ತಾರೀಖು ಬದಲಾದ್ರ ನೀವು ಒಂದು ಕಡಿ ಬದಲು ಮಾಡ್ರಿ, ಎಲ್ಲರ ಫೋನಿನ್ಯಾಗೂ ಬದಲಾಗ್ತೈತಿ."

"ನಮ್ಮ ಕುರಿಗಾರರು ಫೋನು ನೋಡ್ತಾರೇನಮ್ಮ?"

"ಕುರಿ ಮುಂದ ಬಿಟ್ಟು, ಮರದ ಕೆಳಗ ಕುಂತು ಅವರು ಮತ್ತೇನು ನೋಡ್ತಾರಣ್ಣಾ?"

ಹಾಗೆ ಹುಟ್ಟಿದ್ದು 'ಕುರಿಸೂಜಿ'. ತೆರೆದರೆ ಮೇಲ್ಗಡೆ, ನಟ್ಟನಡುವೆ, ದೊಡ್ಡ ಅಕ್ಷರದಲ್ಲಿ ಮುಂದಿನ ಸೂಜಿ ಯಾವ ಊರಲ್ಲಿ ಎಂಬ ಹೆಸರು. ಅದರ ಕೆಳಗೆ ತಾರೀಖು, ಹೊತ್ತು, ಯಾವ ರೋಗದ ಸೂಜಿ. ತಳದಲ್ಲಿ ಹಸಿರು ಬಟನ್ನು: 'ಬರ್ತೀವಿ'. ಅದನ್ನು ಒತ್ತಿ ಕುರಿಗಳ ಸಂಖ್ಯೆ ಹಾಕಿದರೆ ಡಾಕ್ಟರು ಅಷ್ಟು ಔಷಧ ತರುತ್ತಿದ್ದರು. ಬೇಕಾದವರು ಕನ್ನಡದಲ್ಲಿ ನೋಡಬಹುದು, ಬೇಕಾದವರು ತೆಲುಗಿನಲ್ಲಿ. ಎರಡನೆಯ ವರ್ಷಕ್ಕೆ ಆರುನೂರು ಫೋನುಗಳಲ್ಲಿ ಕುರಿಸೂಜಿ ಇತ್ತು. ದಾರಿಯಲ್ಲಿ ಹಿಂಡು ಎದುರಾದರೆ ಕುರಿ ಕಾಯುವವನ ಅಂಗಿಯ ಜೇಬಿನಲ್ಲಿ ತನ್ನ ಕೆಲಸ ಇದೆಯಲ್ಲ ಎಂದು ಉರುಕುಂದಮ್ಮ ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋಗುತ್ತಿದ್ದಳು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಆ್ಯಪ್‌ಗಳನ್ನು ಹಂಚುವ ಕಂಪನಿಯಿಂದ ಅವಳಿಗೊಂದು ಸೂಚನೆ ಬಂತು: ಆ್ಯಪ್‌ಗಳನ್ನೆಲ್ಲ ಹೊಸ ನಮೂನೆಯ ಫೋನುಗಳಿಗೆ ತಕ್ಕಂತೆ ತಿದ್ದಿ ಮತ್ತೆ ಹಾಕಬೇಕು. ಎರಡು ದಿನದಲ್ಲಿ ತಿದ್ದಿ ಹಾಕಿದಳು. ಅವಳದು ಐದು ವರ್ಷದ ಹಳೆಯ ಫೋನು. ಅದರಲ್ಲಿ ತೆರೆದು ನೋಡಿದಳು. ಮೊದಲು ಹೇಗಿತ್ತೋ ಹಾಗೇ ಇತ್ತು. ಸರಿ ಎಂದು ಸುಮ್ಮನಾದಳು.

ಸೂಜಿಯ ಕೆಲಸ ಶುರುವಾದ ವಾರವೇ, ಸೋಮವಾರ ಹನ್ನೊಂದು ಗಂಟೆಗೆ ಯರ್ರೆಪ್ಪನ ಫೋನು ಬಂತು.

"ಉರುಕುಂದಮ್ಮಾ, ಇದೇನಮ್ಮ ಇದು? ಲಿಂಗಕ್ಕ ನೂರಾ ಮೂವತ್ತು ಕುರಿ ಹೊಡಕಂಡು ಹಾಲ್ವಿಗಿ ಹೋಗಿ ನಿಂತಾಳ. ಅಲ್ಲಿ ನರಮನುಷ್ಯ ಇಲ್ಲ. ಇವತ್ತು ಸೂಜಿ ಇರೋದು ಹಾಲಹರವಿಯಾಗ! ಹಾಲ್ವಿಯಾಗ ಬೇಸ್ತವಾರ."

ಹಾಲ್ವಿ ಇರುವುದು ಕೌತಾಳಂ ಕಡೆ. ಹಾಲಹರವಿ ಆದೋನಿಯನ್ನೂ ದಾಟಿ ಬಳ್ಳಾರಿ ಗಡಿಯ ಕಡೆ. ಹೆಸರು ಹತ್ತಿರ, ಊರು ದೂರ.

"ಆ್ಯಪ್‌ನ್ಯಾಗ ಹಾಲಹರವಿ ಅಂತನ ಐತಲ್ಲಣ್ಣಾ" ಎಂದಳು ಉರುಕುಂದಮ್ಮ, ತನ್ನ ಫೋನು ತೆರೆದು ನೋಡುತ್ತಾ.

"ಹೌದಮ್ಮ, ನನ್ನದ್ರಾಗೂ ಹಂಗ ಐತಿ. ಆಕಿಗಿ ವಯಸ್ಸಾತು, ಕಣ್ಣು ಮಂಜು ಆಗ್ಯಾವ. ಏನೋ ಓದಿ ಏನೋ ತಿಳಕಂಡಾಳ. ಬಿಸಿಲಾಗ ಕುರಿ ತೇಕ್ತಾವ, ಆಕಿ ನನ್ನ ಮ್ಯಾಲೆ ಬೈಗಳ ಮಳಿ ಸುರಿಸ್ಲಿಕತ್ಯಾಳ."

ಲಿಂಗಕ್ಕ ಎಂದ ಕೂಡಲೇ ಉರುಕುಂದಮ್ಮನಿಗೆ ಸಂಶಯ ಹುಟ್ಟಿತು. ಶ್ರೀರಾಮುಲು ಕೈಯಿಂದ ಪಂಥದ ಟೀ ಗೆದ್ದ ಇಬ್ಬರಲ್ಲಿ ಒಬ್ಬಳು ಈ ಲಿಂಗಕ್ಕನೇ. ಮೊಮ್ಮಗಳ ತೊಟ್ಟಿಲ ಕಾರ್ಯದ ಕಾರ್ಡು ಹಿಡಿದು, ಮನೆದೇವರ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿದ್ದನ್ನು ನಿಂತ ಕಾಲಲ್ಲೇ ಹಿಡಿದಿದ್ದಳು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಆದ್ದರಿಂದಲೇ ಒಂದೊಂದನ್ನೂ ಎಣಿಸಿ ಓದುವವಳು.

"ಲಿಂಗಕ್ಕ ತಪ್ಪು ಓದೋಳಲ್ಲಣ್ಣಾ. ನಾನೇ ಹೋಗಿ ನೋಡ್ತೀನಿ. ನೀವು ಒಂದು ಕೆಲಸ ಮಾಡ್ರಿ. ಹಾಲ್ವಿ, ಹಾಲಹರವಿ ಎರಡೂ ಕಡಿಯೋರಿಗೂ ಬಾಯಿಲೆ ಫೋನು ಮಾಡಿ ಹೇಳಿಬಿಡ್ರಿ. ಸದ್ಯಕ್ಕ ಆ್ಯಪ್ ನಂಬಬ್ಯಾಡ್ರಿ ಅನ್ರಿ."

"ಹಂಗಂದ್ರ ನಿನ್ನ ಹೆಸರು ಕೆಡ್ತೈತೇನಮ್ಮ?"

"ಕುರಿ ಬಿಸಿಲಾಗ ನಡದ್ರ ಕೆಡೋದು ಹೆಚ್ಚು. ಹೇಳ್ರಿ ನೀವು."

ಶ್ರೀರಾಮುಲು ಅವರಿಗೆ ಹೇಳಿ ಮಧ್ಯಾಹ್ನದ ಬಸ್ಸು ಹಿಡಿದಳು. ಕೌತಾಳಂನಲ್ಲಿ ಇಳಿದು, ಆಟೋ ಹಿಡಿದು, ಕೊನೆಗೆ ಕಾಲುದಾರಿಯಲ್ಲಿ ನಡೆದು ಹೋದಾಗ ಲಿಂಗಕ್ಕ ಒಂದು ಬೇವಿನ ಮರದ ಕೆಳಗೆ ಕೂತಿದ್ದಳು. ಹಿಂಡು ನೆರಳಿಗೆ ಒತ್ತಿಕೊಂಡು, ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿತ್ತು.

"ಬಂದ್ಯಾ?" ಎಂದಳು ಲಿಂಗಕ್ಕ. "ನನಗ ಓದಾಕ ಬರಂಗಿಲ್ಲ ಅಂತ ಹೇಳಾಕ ಬಂದ್ಯಾ? ಆ ಯರ್ರೆಪ್ಪ ಹೇಳಿದ್ದಾತು."

"ಇಲ್ಲಕ್ಕಾ. ನಿನಗ ಏನು ಕಂಡಿತೋ ಅದನ್ನ ನೋಡಾಕ ಬಂದೀನಿ. ಫೋನು ಕೊಡು."

ಫೋನು ಹೊಸದು, ಮಗಳು ಯುಗಾದಿಗೆ ಕೊಡಿಸಿದ್ದು. ತೆಳ್ಳಗೆ, ಉದ್ದಕ್ಕೆ, ಅಂಚಿನಿಂದ ಅಂಚಿನವರೆಗೆ ಬರೀ ಗಾಜು. ಮೇಲ್ಗಡೆ ನಡುವೆ ಕ್ಯಾಮೆರಾದ ಕಣ್ಣು ಕಪ್ಪಗೆ, ಗುಂಡಗೆ ಇತ್ತು. ಉರುಕುಂದಮ್ಮ ಕುರಿಸೂಜಿ ತೆರೆದಳು.

ಊರಿನ ಹೆಸರು ಇರಬೇಕಾದಲ್ಲಿ ಇರಲಿಲ್ಲ. ಇಡೀ ಪುಟವೇ ಮೇಲಕ್ಕೆ ಜಾರಿ, ಗಂಟೆ, ಸಿಗ್ನಲ್ಲು, ಬ್ಯಾಟರಿ ತೋರಿಸುವ ಪಟ್ಟಿಯೊಳಗೆ ಹೋಗಿ ಸಿಕ್ಕಿಕೊಂಡಿತ್ತು. ಹಿಂದಕ್ಕೆ ಹೋಗುವ ಬಾಣದ ಗುರುತಿನ ಮೇಲೆ ಗಂಟೆ ಕೂತಿತ್ತು. ಅದನ್ನು ಒತ್ತಲು ಹೋದರೆ ಫೋನಿನ ಮೆಸೇಜುಗಳ ಪರದೆ ಮೇಲಿನಿಂದ ಇಳಿದು ಬರುತ್ತಿತ್ತು. ನಟ್ಟನಡುವೆ ಬರೆದ ಹೆಸರಿನ ನಟ್ಟನಡುವೆ ಕ್ಯಾಮೆರಾದ ಕಣ್ಣು. ಅದು ಹಾಲಹರವಿಯ ಹ, ರ ಎರಡನ್ನೂ ನುಂಗಿ, ಆಚೆ 'ಹಾಲ', ಈಚೆ 'ವಿ' ಬಿಟ್ಟಿತ್ತು.

"ಓದು ನೀನೇ" ಎಂದಳು ಲಿಂಗಕ್ಕ. "ಹಾಲ ಐತಿ. ವಿ ಐತಿ. ನಡು ಒಂದು ಕರಿ ಚುಕ್ಕಿ. ನಮ್ಮ ಕಡಿ ಇರೋದು ಹಾಲ್ವಿ. ನಾನು ಮತ್ತೇನು ಓದಬೇಕಿತ್ತು?"

ಹಾಲ್ವಿ ಎಂದು ಬರೆದರೆ ಲಕಾರದ ಕೆಳಗೆ ವಕಾರದ ಒತ್ತು ಇರುತ್ತದೆ, ಇಲ್ಲಿ ಇಲ್ಲವಲ್ಲ ಎಂಬ ಮಾತು ಅಕ್ಷರ ಕೂಡಿಸುವವಳ ನಾಲಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿದಳು. ಅರ್ಧ ಮುಚ್ಚಿದ ಹೆಸರು ಕೊಟ್ಟು ಒತ್ತು ಎಣಿಸು ಎನ್ನುವುದು ಯಾವ ನ್ಯಾಯ?

"ಸರಿಯಾಗೇ ಓದೀದಿ ಅಕ್ಕಾ. ತಪ್ಪು ನಿಂದಲ್ಲ, ಫೋನಿಂದೂ ಅಲ್ಲ. ನಂದು. ಬೇಸ್ತವಾರ ಹಾಲ್ವಿಗಿ ನೀನು ಬರೋದರೊಳಗ ಸರಿ ಮಾಡಿರ್ತೀನಿ."

ಲಿಂಗಕ್ಕ ಅವಳ ಮುಖವನ್ನೇ ನೋಡಿದಳು. "ಮಾಡ್ತೀಯಾ?"

"ಮಾಡ್ತೀನಿ."

"ಹಂಗಾದ್ರ ಮಜ್ಜಿಗಿ ಕುಡಿ. ಬಿಸಿಲಾಗ ಬಂದೀದಿ."

ಬಸ್ಸಿನಲ್ಲಿ ವಾಪಸು ಬರುವಾಗಲೇ ಉರುಕುಂದಮ್ಮನಿಗೆ ಕಾರಣ ಹೊಳೆದಿತ್ತು. ಹಳೆಯ ಫೋನುಗಳು ಗಂಟೆ, ಬ್ಯಾಟರಿಯ ಪಟ್ಟಿಯನ್ನು ತಮ್ಮ ಪಾಲಿಗೆ ಇಟ್ಟುಕೊಂಡು, ಅದರ ಕೆಳಗಿನ ಜಾಗವನ್ನು ಮಾತ್ರ ಆ್ಯಪ್‌ಗೆ ಬಿಟ್ಟುಕೊಡುತ್ತಿದ್ದವು. ಹೊಸವು ಹಾಗಲ್ಲ. ತಲೆಯಿಂದ ಕಾಲಿನವರೆಗೆ ಇಡೀ ಗಾಜು ನಿನ್ನದೇ, ಪಟ್ಟಿಗೆ ಜಾಗ ಬಿಡುವುದೂ ನಿನ್ನದೇ ಕೆಲಸ ಎನ್ನುತ್ತಿದ್ದವು. ಅವಳು ಬಿಟ್ಟಿರಲಿಲ್ಲ.

ಮಂಗಳವಾರ ಬೆಳಗ್ಗೆ ಪ್ರೆಸ್ಸಿಗೆ ಬಂದವಳೇ ಕೂತಳು. ಪಟ್ಟಿಯ ಎತ್ತರ ಫೋನಿನ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಚುಕ್ಕಿ ಎಂದು ಎಲ್ಲೋ ಓದಿದ ನೆನಪು. ಪುಟದ ಮೇಲ್ಗಡೆ ಇಪ್ಪತ್ತನಾಲ್ಕು ಬಿಟ್ಟಳು. ಹತ್ತು ನಿಮಿಷದ ಕೆಲಸ. ಪ್ರೆಸ್ಸಿನಲ್ಲೇ ಹೊಸ ಫೋನು ಇದ್ದದ್ದು ಆಂಜಿಯ ಹತ್ತಿರ. ಅದರಲ್ಲಿ ಹಾಕಿದಳು. ಊರಿನ ಹೆಸರು ಕೆಳಗಿಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಕ್ಯಾಮೆರಾದ ಕಣ್ಣು ಇನ್ನೂ ಅಕ್ಷರಗಳ ತಲೆಕಟ್ಟನ್ನು ಕಚ್ಚಿಕೊಂಡಿತ್ತು. ಶ್ರೀರಾಮುಲು ಅವರ ಹಳೆಯ ಫೋನಿನಲ್ಲಿ ನೋಡಿದರೆ ಇನ್ನೊಂದು ತಮಾಷೆ. ಅದು ತಾನೂ ಜಾಗ ಬಿಟ್ಟು, ಇವಳು ಬಿಟ್ಟದ್ದೂ ಸೇರಿ, ಮೇಲ್ಗಡೆ ಬಯಲೇ ಬಿದ್ದಿತ್ತು.

"ಇಲ್ಲಿ ಇನ್ನೊಂದು ಊರಿನ ಹೆಸರು ಹಾಕಬೌದಲ್ಲಮ್ಮಾ" ಎಂದರು ಶ್ರೀರಾಮುಲು.

ಆಂಜಿ ಎರಡೂ ಫೋನನ್ನು ಪಕ್ಕಪಕ್ಕ ಹಿಡಿದು ನೋಡಿದ. "ಈ ಫೋನಿಗಿ ಒಂದು ಅಳತಿ, ಆ ಫೋನಿಗಿ ಒಂದು ಅಳತಿ" ಎಂದ, ಯಾವುದನ್ನೂ ನೆನೆಸಿಕೊಂಡಲ್ಲ, ಕಂಡದ್ದನ್ನು ಹೇಳುವ ಹಾಗೆ.

ಉರುಕುಂದಮ್ಮ ನಕ್ಕುಬಿಟ್ಟಳು. ಹದಿನಾಲ್ಕು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಕೋಣೆಯಲ್ಲಿ ಹೇಳಿಕೊಟ್ಟ ಪಾಠ. ಎಲ್ಲೋ ಓದಿದ ಅಂಕಿಯನ್ನು ನಂಬಿದ್ದಳು, ಫೋನನ್ನು ಕೇಳಿರಲಿಲ್ಲ.

ಕೇಳುವ ದಾರಿ ಇತ್ತು. ಆ್ಯಪ್ ತೆರೆದ ಕೂಡಲೇ, ನಿನ್ನ ಪಟ್ಟಿಗೆ ಎಷ್ಟು ಜಾಗ ಬೇಕು, ನಿನ್ನ ಕ್ಯಾಮೆರಾದ ಕಣ್ಣು ಎಲ್ಲಿದೆ ಎಂದು ವಿಚಾರಿಸಿದರೆ ಪ್ರತಿಯೊಂದು ಫೋನೂ ತನ್ನ ಅಳತೆ ತಾನೇ ಹೇಳುತ್ತದೆ. ಹಳೆಯದಾದರೆ ಸೊನ್ನೆ ಎನ್ನುತ್ತದೆ, ನಾನೇ ಬಿಟ್ಟಿದ್ದೀನಿ ಎಂದು. ಹೊಸದು ತನ್ನ ತನ್ನ ಎತ್ತರ ಹೇಳುತ್ತದೆ. ಬರೆಯಬೇಕಾದದ್ದು ನಾಲ್ಕೇ ಸಾಲು. ಇಪ್ಪತ್ತನಾಲ್ಕನ್ನು ಅಳಿಸಿ ಆ ನಾಲ್ಕು ಸಾಲು ಬರೆದಳು. ಆಂಜಿಯ ಫೋನಿನಲ್ಲಿ 'ಹಾಲ್ವಿ' ಕ್ಯಾಮೆರಾದ ಕೆಳಗೆ ಬಂದು ನೆಟ್ಟಗೆ ನಿಂತಿತು. ಶ್ರೀರಾಮುಲು ಫೋನಿನ ಬಯಲು ಮುಚ್ಚಿತು.

ಅಷ್ಟರಲ್ಲಿ ಆಂಜಿ, "ಗಂಟಿ ಎಲ್ಲಿ ಹೋತು?" ಎಂದ. ನೋಡಿದರೆ ನಿಜ. ಬಿಟ್ಟ ಜಾಗ ಬೆಳ್ಳಗಿತ್ತು, ಅದರ ಮೇಲಿನ ಗಂಟೆ, ಬ್ಯಾಟರಿಯೂ ಬಿಳಿ. ಹಾಲಿನಲ್ಲಿ ಸುಣ್ಣ ಕಲಸಿದ ಹಾಗೆ ಎರಡೂ ಒಂದಾಗಿದ್ದವು. ಪಟ್ಟಿಗೆ ಕಡು ಹಸಿರು ಬಣ್ಣ ಬಳಿದಳು. ಗಂಟೆ ತಿರುಗಿ ಬಂತು. ಮೇಲೆ ಹೀಗಾದರೆ ಕೆಳಗೂ ನೋಡಬೇಕಲ್ಲ ಎಂದು ನೋಡಿದಳು. 'ಬರ್ತೀವಿ' ಬಟನ್ನಿನ ಅರ್ಧ, ಫೋನಿನ ತಳದ ಗೆರೆಯಡಿ ಹೂತುಹೋಗಿತ್ತು. ಈ ವರ್ಷ ಬಟನ್ನು ಒತ್ತಿದವರು ಕಡಿಮೆ ಎಂದು ಯರ್ರೆಪ್ಪ ಗೊಣಗಿದ್ದು ಈಗ ಅರ್ಥವಾಯಿತು. ಅದಕ್ಕೂ ಅದೇ ಮದ್ದು ಹಾಕಿದಳು.

ಸಂಜೆಯ ಹೊತ್ತಿಗೆ ಪ್ರೆಸ್ಸಿನ ಮೂರೂ ಫೋನಿನಲ್ಲಿ ಎಲ್ಲ ಸರಿ ಇತ್ತು. ಆದರೆ ಕುರಿಸೂಜಿ ಇದ್ದದ್ದು ಆರುನೂರು ಫೋನಿನಲ್ಲಿ. ತನ್ನ ಒಂದು ಫೋನು ನಂಬಿ ಮೋಸಹೋದವಳು ಮೂರನ್ನು ನಂಬಿ ಮೋಸಹೋಗಲು ತಯಾರಿರಲಿಲ್ಲ.

ಬುಧವಾರ ಬೆಳಗ್ಗೆ ಕೌತಾಳಂನಲ್ಲಿ ಬಸ್ಸು ಹತ್ತಿದವಳು ಸೀಟು ಹುಡುಕಲಿಲ್ಲ. ಡ್ರೈವರಿನ ಹಿಂದಿನ ಕಂಬ ಹಿಡಿದು, ಎಲ್ಲರ ಕಡೆ ತಿರುಗಿ ನಿಂತು, ಗಂಟಲು ಸರಿಮಾಡಿಕೊಂಡಳು.

"ಅಣ್ಣಾರೆ, ಅಕ್ಕಾರೆ, ಒಂದು ಸಣ್ಣ ಸಹಾಯ. ನಾನು ಕುರಿ ಸೂಜಿದೊಂದು ಆ್ಯಪ್ ಮಾಡೀನಿ. ಹೊಸ ಫೋನಿನ್ಯಾಗ ಊರಿನ ಹೆಸರು ಗಂಟಿ ಕೆಳಗ ಸಿಕ್ಕಿಬಿಳ್ಳಿಕತ್ತಿತ್ತು. ರಿಪೇರಿ ಮಾಡೀನಿ. ನಿಮ್ಮ ಫೋನಿನ್ಯಾಗ ಹಾಕಿ ಒಂದು ಸಲ ನೋಡ್ತೀನಿ. ಆದೋನಿ ಬರೋದರೊಳಗ ತೆಗೆದು ಕೊಡ್ತೀನಿ."

ಮುಂದಿನ ಸೀಟಿನಲ್ಲಿದ್ದ ಹತ್ತಿ ವ್ಯಾಪಾರಿ ಮಲ್ಲಯ್ಯ ತನ್ನ ದೊಡ್ಡ ಫೋನನ್ನು ಜೇಬಿನ ಮೇಲೆ ಅಂಗೈಯಿಟ್ಟು ಮುಚ್ಚಿಕೊಂಡ.

"ಏನಮ್ಮಾ, ಫೋನಿನ್ಯಾಗ ಏನಾರ ಹಾಕಿ ಬ್ಯಾಂಕಿನಾಗಿಂದು ಬಳಕಂಡು ಹೋಗೋ ವಿದ್ಯೆ ಏನು ಇದು?"

ಜನ ನಕ್ಕರು. ಉರುಕುಂದಮ್ಮನೂ ನಕ್ಕಳು.

"ಮಲ್ಲಯ್ಯನೋರೆ, ನಿಮ್ಮ ಮಗಳ ಲಗ್ನಪತ್ರಿಕೆ ಕೂಡಿಸಿದಾಕಿ ನಾನೇ. ಅದರಾಗ ಒಂದಕ್ಷರ ಆಚೀಚೆ ಆಗಿತ್ತೇನ್ರಿ?"

ಮಲ್ಲಯ್ಯ ತಲೆ ಓರೆ ಮಾಡಿ ನೋಡಿದ. "ಶ್ರೀರಾಮುಲು ಪ್ರೆಸ್ಸಿನಾಕಿ ಏನು ನೀನು? ಆಗಿರಲಿಲ್ಲಮ್ಮ. ಬೀಗರು ಸೈತ ಮೆಚ್ಚಿದ್ರು. ತಗೋ, ನೋಡು."

ಮಲ್ಲಯ್ಯ ಕೊಟ್ಟದ್ದು ನೋಡಿ ಉಳಿದವರೂ ಕೊಟ್ಟರು. ಒಂದೊಂದನ್ನೇ ಇಸಕೊಂಡು, ಹಾಕಿ, ತೆರೆದು, ಮೇಲೆ ಕೆಳಗೆ ನೋಡಿ, ತೆಗೆದು, ಮರಳಿ ಕೊಡುತ್ತಾ ಬಂದಳು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಎಡಗೈ ಕಂಬಕ್ಕೆ, ಬಲಗೈ ಫೋನಿಗೆ. ಕಂಡಕ್ಟರ್ ಓಬಳೇಶ ಟಿಕೆಟ್ ಹರಿಯುತ್ತಾ, "ಹಿಂದಿನ ಸೀಟಿನಾಗ ಎರಡು ಹೊಸಾವು ಅದಾವಕ್ಕಾ" ಎಂದು ತಾನೇ ಗಿರಾಕಿ ಹುಡುಕಿ ಕೊಡತೊಡಗಿದ.

ಮಲ್ಲಯ್ಯನ ಫೋನಿನಲ್ಲೇ ಮೊದಲ ತಪ್ಪು ಸಿಕ್ಕಿತು. ಕನ್ನಡಕ ಹಾಕುವುದು ತಪ್ಪಲಿ ಎಂದು ಆತ ಅಕ್ಷರಗಳನ್ನು ಭಾರೀ ದೊಡ್ಡದು ಮಾಡಿಟ್ಟುಕೊಂಡಿದ್ದ. ಪರೀಕ್ಷೆಗೆಂದು ಅವಳು ಹಾಕಿಟ್ಟಿದ್ದ ಹಾಲಹರವಿ ಎಂಬ ಉದ್ದ ಹೆಸರು ಒಂದು ಸಾಲಿನಲ್ಲಿ ಹಿಡಿಸದೆ, 'ಹಾಲಹ' ಮೇಲೆ, 'ರವಿ' ಕೆಳಗೆ ಆಗಿ, ರವಿ ಹೋಗಿ ತಾರೀಖಿನ ಮೇಲೆ ಕೂತಿದ್ದ.

"ಈ ರವಿ ಯಾರಮ್ಮ, ಡಾಕ್ಟರಾ?" ಎಂದ ಮಲ್ಲಯ್ಯ.

ಎರಡನೆಯದು ಅಶ್ವಿನಿ ಎಂಬ ನರ್ಸಿಂಗ್ ಓದುವ ಹುಡುಗಿಯ ಫೋನಿನಲ್ಲಿ. ಅವಳು ವಿಡಿಯೋ ನೋಡುವ ಅಭ್ಯಾಸಕ್ಕೆ ಫೋನನ್ನು ಅಡ್ಡ ಹಿಡಿದಳು. ಆಗ ಕ್ಯಾಮೆರಾದ ಕಣ್ಣು ಪಕ್ಕಕ್ಕೆ ಬಂದು, ಎಡ ಅಂಚಿನ ಬಾಣದ ಗುರುತನ್ನು ತಿಂದಿತು.

"ಯಾರು ಅಡ್ಡ ಹಿಡಿತಾರಕ್ಕಾ? ಬಿಡ್ರಿ" ಎಂದಳು ಅಶ್ವಿನಿ.

"ನೀನು ಹಿಡಿದಿಯಲ್ಲವ್ವ" ಎಂದು ಉರುಕುಂದಮ್ಮ ಟಿಕೆಟ್ಟಿನ ಹಿಂದೆ ಬರೆದುಕೊಂಡಳು.

ಆದೋನಿ ಬರುವಷ್ಟರಲ್ಲಿ ಹತ್ತೊಂಬತ್ತು ಫೋನು ನೋಡಿದ್ದಳು. ಹದಿನೇಳು ಸರಿ, ಎರಡು ತಪ್ಪು. ಬಸ್ಸಿನಿಂದ ಇಳಿದವಳು ಪ್ರೆಸ್ಸಿಗೆ ನಡೆಯುವಾಗ ಅವಳ ಹೆಜ್ಜೆ ಎಂದಿಗಿಂತ ಜೋರಾಗಿತ್ತು. ತಪ್ಪು ಎಲ್ಲಿದೆ ಎಂದು ಗೊತ್ತಿರುವ ಕೆಲಸ ಅವಳಿಗೆ ಯಾವತ್ತೂ ಭಾರ ಅನಿಸಿದ್ದಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಎರಡೂ ಮುಗಿದವು: ಹೆಸರು ಎರಡು ಸಾಲಾದರೆ ತಾರೀಖು ತಾನಾಗಿ ಕೆಳಗೆ ಸರಿಯುವ ಹಾಗೆ ಮಾಡಿದಳು, ಅಳತೆಯನ್ನು ಮೇಲಿನ ಅಂಚಿಗೆ ಮಾತ್ರ ಅಲ್ಲ, ನಾಲ್ಕೂ ಅಂಚಿಗೆ ಕೇಳುವಂತೆ ಮಾಡಿದಳು. ಹೊಸ ಆ್ಯಪ್ ಎಲ್ಲರಿಗೂ ತಲುಪಲು ಒಂದೆರಡು ದಿನ ಹಿಡಿಯುತ್ತದೆ, ಅದು ತನ್ನ ಕೈಯಲ್ಲಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಹಾಲ್ವಿಯ ಕಡೆಯ ಕುರಿಗಾರರ ಗುಂಪಿಗೆ ನೇರವಾಗಿ ಕಳಿಸಿ, ಹಾಕಿಕೊಳ್ಳುವುದು ಹೇಗೆಂದು ತನ್ನ ದನಿಯಲ್ಲೇ ಹೇಳಿ ಮೆಸೇಜು ಬಿಟ್ಟಳು. ಒಂದು ಸಲ ಕನ್ನಡದಲ್ಲಿ, ಒಂದು ಸಲ ತೆಲುಗಿನಲ್ಲಿ.

ಬೇಸ್ತವಾರ ಅರ್ಧ ದಿನ ರಜೆ ಹಾಕಿ ಹಾಲ್ವಿಗೆ ಹೋದಳು. ಊರ ಹೊರಗಿನ ಬಯಲಿನಲ್ಲಿ ಆಗಲೇ ಏಳೆಂಟು ಹಿಂಡು ಸೇರಿದ್ದವು. ಡಾಕ್ಟರು ಒಂದು ಕಡೆ, ಕಂಪೌಂಡರು ಒಂದು ಕಡೆ ನಿಂತು ಸೂಜಿ ಹಾಕುತ್ತಿದ್ದರು. ಯರ್ರೆಪ್ಪ ಬಳಪ ಹಿಡಿದು, ಸೂಜಿಯಾದ ಕುರಿಯ ಬೆನ್ನಿಗೆ ಗೆರೆ ಎಳೆಯುತ್ತಿದ್ದ. ಉಣ್ಣೆ, ಹಿಕ್ಕೆ, ಧೂಳು, ಸ್ಪಿರಿಟ್ಟು ಎಲ್ಲ ಕೂಡಿದ ವಾಸನೆ. ಅಪ್ಪನ ಹಿಂಡು ಮಾರಿ ಎಷ್ಟೋ ವರ್ಷವಾಗಿದ್ದರೂ ಉರುಕುಂದಮ್ಮನ ಕೈ ತಾನಾಗಿ ಒಂದು ಮರಿಯ ಕಿವಿಯ ಹಿಂದೆ ಹೋಗಿ ತುರಿಸಿತು.

ಹತ್ತು ಗಂಟೆಗೆ ಲಿಂಗಕ್ಕನ ಹಿಂಡು ಧೂಳೆಬ್ಬಿಸುತ್ತಾ ಬಂತು. ಹಿಂದೆ ಲಿಂಗಕ್ಕ, ಹೆಗಲ ಮೇಲೆ ಕೋಲು, ಕೈಯಲ್ಲಿ ಫೋನು.

"ಏ ಯರ್ರೆಪ್ಪಾ" ಎಂದು ದೂರದಿಂದಲೇ ಕೂಗಿದಳು. "ಇವತ್ತು ಹಾಲ್ವಿ ಹಾಲ್ವಿಯಾಗ ಐತೇನು?"

ಯರ್ರೆಪ್ಪ ಬಳಪ ಕಿವಿಗೆ ಸಿಕ್ಕಿಸಿಕೊಂಡು ಎದುರಿಗೆ ಹೋದ. "ಐತಿ ಲಿಂಗಕ್ಕಾ. ಅವತ್ತು ಕಣ್ಣು ಮಂಜು ಅಂದುಬಿಟ್ಟಿದ್ನಿ. ತಪ್ಪಾತು."

"ಕಣ್ಣು ಮಂಜು ಆಗಿದ್ರ ಚಲೋ ಇತ್ತು. ನಿನ್ನ ಮಾರಿ ಕಾಣ್ತಿರಲಿಲ್ಲ" ಎಂದಳು ಲಿಂಗಕ್ಕ. ಬಯಲಿನ ತುಂಬ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಯರ್ರೆಪ್ಪನೇ.

ಆಮೇಲೆ ಅವಳು ಉರುಕುಂದಮ್ಮನ ಹತ್ತಿರ ಬಂದು, ಫೋನು ತೆರೆದು ಮುಂದೆ ಹಿಡಿದಳು. ಕಡು ಹಸಿರು ಪಟ್ಟಿಯಲ್ಲಿ ಗಂಟೆ, ಬ್ಯಾಟರಿ, ನಡುವೆ ಕ್ಯಾಮೆರಾದ ಕಣ್ಣು. ಅದರ ಕೆಳಗೆ, ಯಾವುದಕ್ಕೂ ತಾಗದೆ, ಒತ್ತಿನ ಸಮೇತ 'ಹಾಲ್ವಿ'. ತಳದಲ್ಲಿ 'ಬರ್ತೀವಿ' ಪೂರ್ತಿ ಕಾಣುತ್ತಿತ್ತು. ಅದನ್ನು ಒತ್ತಿ ನೂರಾ ಮೂವತ್ತು ಎಂದು ತುಂಬಿಯೂ ಆಗಿತ್ತು.

"ಬರೋಬರಿ ಐತೇನಕ್ಕಾ?"

"ಹೆಸರು ಬರೋಬರಿ ಐತಿ" ಎಂದಳು ಲಿಂಗಕ್ಕ. ಹೆಬ್ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿ, ಕೆಳಗಿದ್ದ ಕುರಿಯ ಚಿತ್ರದ ಮೇಲೆ ಉಗುರು ಇಟ್ಟಳು. "ಇದು ಯಾವ ದೇಶದ ಕುರಿ ತಂದು ಕುಂದ್ರಿಸೀದಿ? ಮೈತುಂಬ ಹತ್ತಿ ಅಂಟಿಸಿದಂಗ ಐತಿ. ನಮ್ಮ ಕಡಿ ಇಂಥ ಕುರಿ ನೋಡೀಯೇನು ನೀನು? ಕುರಿ ಕಾದಾಕಿ ಅಲ್ಲೇನು?"

ಉರುಕುಂದಮ್ಮ ನೋಡಿದಳು. ಎರಡು ವರ್ಷದ ಹಿಂದೆ ಎಲ್ಲಿಂದಲೋ ತೆಗೆದು ಹಾಕಿದ ಚಿತ್ರ. ಬೆಳ್ಳಗೆ, ಗುಂಡಗೆ, ಹಸಿರು ಹುಲ್ಲಿನ ನಡುವೆ ನಗುತ್ತಿರುವ ಹಾಗೆ ನಿಂತ ಕುರಿ. ಈ ಬಯಲಿನಲ್ಲಿ ಅಂಥ ಹುಲ್ಲೂ ಇರಲಿಲ್ಲ, ಅಂಥ ಕುರಿಯೂ ಇರಲಿಲ್ಲ. ಆರುನೂರು ಜನ ನೋಡಿದ್ದರು, ಒಬ್ಬರೂ ಹೇಳಿರಲಿಲ್ಲ.

"ನಿನ್ನ ಟಗರು ಯಾವುದಕ್ಕಾ?"

ಲಿಂಗಕ್ಕ ಕೋಲ ತುದಿಯಿಂದ ತೋರಿಸಿದಳು. ಕರಿ ಮುಖ, ಮೂಗು ಡೊಂಕು, ಕೊಂಬು ಎರಡು ಸುತ್ತು ಸುತ್ತಿ ಕೆನ್ನೆಗೆ ಬಂದಿದ್ದವು. ಆಗಷ್ಟೇ ಸೂಜಿ ಹಾಕಿಸಿಕೊಂಡ ಸಿಟ್ಟಿಗೆ ಅದು ನೆಲ ಕೆರೆಯುತ್ತಿತ್ತು.

"ಅದನ್ನ ಸ್ವಲ್ಪ ಹಿಡಕ" ಎಂದು ಉರುಕುಂದಮ್ಮ ತನ್ನ ಹಳೆಯ ಫೋನು ತೆಗೆದು, ಧೂಳಿನಲ್ಲಿ ಮಂಡಿಯೂರಿ ಕೂತಳು.

"ಹಿಡಿಯೋದೇನು ಬ್ಯಾಡ. ನನ್ನ ಮಾತು ಕೇಳ್ತೈತಿ" ಎಂದು ಲಿಂಗಕ್ಕ ನಾಲಗೆಯಿಂದ ಟ್ರುರ್ ಎಂದು ಸದ್ದು ಮಾಡಿದಳು. ಟಗರು ತಲೆಯೆತ್ತಿ ಅವಳ ಕಡೆ ನೋಡಿತು. ಕೊಂಬು, ಮೂಗು, ಬೆನ್ನಿನ ಬಳಪದ ಗೆರೆ ಎಲ್ಲ ಚೌಕದೊಳಗೆ ಬಂದವು. ಮೇಲ್ಗಡೆ ಒಂದಿಷ್ಟು ಆಕಾಶ ಬಿಟ್ಟು ಉರುಕುಂದಮ್ಮ ಬೆರಳು ಒತ್ತಿದಳು.